ಅಡಿಕೆ ಹಾಳೆಯ ಸೋಲಾರ್ ದೋಣಿ: ನನ್ನ ಅನುಭವ

"ಹಾಳೆಯಲ್ಲಿ ತಟ್ಟೆ ಮಾಡು ಮಾರಾಯ, ದೋಣಿ ಎಂತಕ್ಕೆ? ನೀರು ಕುಡಿದು ಮುಳುಗುತ್ತದೆ" ಎಂದವರು ಒಬ್ಬಿಬ್ಬರಲ್ಲ. ನಾನು ಹೊರಟದ್ದು ಅಡಿಕೆ ಮರದಿಂದ ಬೀಳುವ ಹಾಳೆಯಲ್ಲಿ ರಿಮೋಟ್‌ನಿಂದ ಓಡುವ ಪುಟ್ಟ ದೋಣಿ ಮಾಡಲು. ಆರ್‌ಸಿ, ಅಂದರೆ ರಿಮೋಟ್ ಮಾದರಿಗಳ ಹುಚ್ಚಿನ ಗೆಳೆಯರು ಬಾಲ್ಸಾ ಎಂಬ ಹಗುರ ಮರ ತರಿಸು ಎಂದರು. ಬದಿಯಡ್ಕದ ಕಡೆಯ ತೋಟದಲ್ಲಿ ಕೂತು ಬಾಲ್ಸಾಕ್ಕೆ ದುಡ್ಡು ಸುರಿಯುವುದು ನನಗೆ ಸರಿ ಕಾಣಲಿಲ್ಲ.

ನನಗೆ ಮಾದರಿ ಕೇರಳದ ವೈಕಂ–ತವಣಕ್ಕಡವು ನಡುವೆ 2017ರಲ್ಲಿ ಓಡಲು ಶುರುವಾದ ಸೋಲಾರ್ ಪ್ರಯಾಣಿಕರ ದೋಣಿ 'ಆದಿತ್ಯ'. 20 ಮೀಟರ್ ಉದ್ದ, 7 ಮೀಟರ್ ಅಗಲ, 75 ಪ್ರಯಾಣಿಕರು. 1:25ಕ್ಕೆ ಇಳಿಸಿದರೆ 80 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ದೊಡ್ಡ ಹಾಳೆಯಲ್ಲಿ 80 ಸೆಂ.ಮೀ. ಸಿಗುತ್ತದೆ, ಅದಕ್ಕೇ ಈ ಅಳತೆ. ಇದು ಕಟಮರಾನ್ ಅಲ್ವಾ, ಅಂದರೆ ನೀರಲ್ಲಿ ತೇಲುವ ಒಡಲು (ಹಲ್) ಎರಡು, ಒಂದೊಂದು ಹಲ್‌ಗೆ ಒಂದೊಂದು ಹಾಳೆ. ಹಲ್‌ನ ಉದ್ದಕ್ಕೆ ಎಲ್ಲೂ ಹಾಳೆಗೆ ಜೋಡಣೆಯೇ ಇಲ್ಲ. ಮೂತಿಯಲ್ಲಿ ಮಾತ್ರ ಮಡಚಿ ಹೊಲಿದೆ. ಹಾಳೆಯಲ್ಲಿ ನೀರು ಮೊಗೆಯುವ ಪಾತ್ರೆ ಕಟ್ಟಿದವರಿಗೆ ಆ ಮಡಿಕೆ ಹೇಳಿಕೊಡಬೇಕಿಲ್ಲ.

ಮೊದಲ ಹಲ್‌ಗಳು ಹಾಳಾದದ್ದು ನೀರು ಹಿಡಿಯದಂತೆ ಹಾಳೆಗೆ ಬಳಿಯುವ ರೆಸಿನ್‌ನಿಂದ. ಅಗ್ಗ ಅಂತ ಪಾಲಿಯೆಸ್ಟರ್ ಹಾಕಿದ್ದೆ. ಒಳಗೆ ಉಳಿದ ಪಸೆಗೆ ಅದು ಹಿಡಿಯಲೇ ಇಲ್ಲ, ಪೊರೆಯಾಗಿ ಎದ್ದು ಬಂತು. ಸುಮಾರು ಎರಡು ಸಾವಿರ ನೀರಿಗೆ. ಆಮೇಲೆ ಎಪಾಕ್ಸಿ ಎಂಬ ಇನ್ನೊಂದು ರೆಸಿನ್ ಮತ್ತು ಗಾಜಿನ ನೂಲಿನ ತೆಳು ಬಟ್ಟೆ. ಆದರೆ ಒಣಗುವಾಗ ಹಾಳೆ ಸುರುಟಿಕೊಳ್ಳುತ್ತದೆ. ನೆನೆಸಿ, ಮರದ ಅಚ್ಚಿಗೆ ಸೈಕಲ್ ಟ್ಯೂಬಿನಿಂದ ಬಿಗಿದು, ನೆರಳಲ್ಲಿ ಒಣಗಿಸಿದೆ. ಎಪಾಕ್ಸಿಗೆ ಮೊದಲು ಹಾಳೆಗೆ ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಬೂಸು ಹಿಡಿಯದಿರಲಿ ಎಂದು ಒಂದು ಹಾಳೆಯನ್ನು ಬೋರ್ಡೋ ದ್ರಾವಣದಲ್ಲಿ (ಅಡಿಕೆ ಮರಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಮದ್ದು) ಅದ್ದಿಯೂ ನೋಡಿದೆ. ಬಣ್ಣವೇನೋ ಚಂದ ಬಂತು. ಮೇಲೆ ಉಳಿದ ಸುಣ್ಣದ ಪುಡಿಯಿಂದ ಎಪಾಕ್ಸಿ ಅಂಟಲಿಲ್ಲ. ಮದ್ದು ಮರಕ್ಕೇ ಇರಲಿ.

ಮೋಟಾರ್ ಎರಡು, 380 ಗಾತ್ರದ ಬ್ರಶ್ಡ್, ಅಂದರೆ ಒಳಗೆ ಬ್ರಶ್ ಇರುವ ಸಾದಾ ಜಾತಿ. ಜೋರಾಗಿ ಓಡುವ ಬ್ರಶ್‌ಲೆಸ್ ಬೇಕೇ ಬೇಕು ಎಂದವರಿಗೆ ನನ್ನ ಲೆಕ್ಕ ಇಷ್ಟೇ: ದೊಡ್ಡ ದೋಣಿ ಗಂಟೆಗೆ 10 ಕಿ.ಮೀ. ಹೋದರೆ 1:25ರದ್ದು 2 ಕಿ.ಮೀ. ಹೋದರೆ ಸಾಕು, ವೇಗಕ್ಕೆ 25ರ ವರ್ಗಮೂಲದಿಂದ ಭಾಗಿಸಬೇಕಲ್ಲ. ಅದಕ್ಕಿಂತ ಜೋರಾಗಿ ಓಡಿಸಿದರೆ ನೀರು ಏಳುವ ರೀತಿಯೇ ಆಟಿಕೆಯ ಹಾಗೆ ಕಾಣುತ್ತದೆ. ರಡ್ಡರ್ (ಚುಕ್ಕಾಣಿ) ಇಲ್ಲ. ರಿಮೋಟ್‌ನ ಎಲೆವಾನ್ ಮಿಕ್ಸ್ ಎಂಬ, ಒಂದೇ ಕಡ್ಡಿಯಿಂದ ಎರಡೂ ಮೋಟಾರ್ ನಡೆಸುವ ಸೆಟ್ಟಿಂಗ್‌ನಲ್ಲಿ ಒಂದು ಮೋಟಾರ್ ಮುಂದೆ, ಒಂದು ಹಿಂದೆ. ನಿಂತಲ್ಲೇ ತಿರುಗುತ್ತದೆ! ಮೋಟಾರ್‌ನ ವೇಗ ಹಿಡಿತದಲ್ಲಿಡುವ ಇಎಸ್‌ಸಿಯಲ್ಲಿ ಆಟದ ವಿಮಾನದ್ದು ಕೊಳ್ಳಬೇಡಿ, ರಿವರ್ಸ್ ಇರುವುದಿಲ್ಲ. ನನ್ನ ಹತ್ತಿರ ಅಂಥವು ಎರಡು ಸುಮ್ನೆ ಬಿದ್ದಿವೆ, ಬೇಕಾದವರು ಒಯ್ಯಬಹುದು.

ಭಾರದಲ್ಲಿ ಕರುಣೆ ಇಲ್ಲ. ಭಾರವನ್ನು 25×25×25ರಿಂದ ಭಾಗಿಸಬೇಕು, ಹಾಗಾಗಿ ದೊಡ್ಡ ದೋಣಿಯ ಒಂದು ಟನ್ ಇಲ್ಲಿ ಬರೀ 64 ಗ್ರಾಂ. ನಿಜವಾದ ದೋಣಿಯ ಮಾಡಿನ ಮೇಲೆ 20 ಕಿಲೋವ್ಯಾಟ್ ಪ್ಯಾನೆಲ್ ಇದೆ, ನನ್ನದಕ್ಕೂ ಇರಲಿ ಎಂದು 10 ವ್ಯಾಟ್‌ನ ಗಾಜಿನದ್ದು ಇಟ್ಟೆ. ಅದೇ ಒಂದು ಕಿಲೋ ಹತ್ತಿರ. ಡೆಕ್ ನೀರಿಗೆ ಮುಟ್ಟಿತು. ಈಗ ಗಾಜಿಲ್ಲದ ಸಣ್ಣ ಪ್ಯಾನೆಲ್‌ಗಳಿವೆ. ಬ್ಯಾಟರಿ ತುಂಬುವುದು ನಿಧಾನ, ಆದರೆ ನೋಡುವವರಿಗೆ ಸೋಲಾರ್ ಎನ್ನಬಹುದಲ್ಲ.

ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೀಳುವ ನಮ್ಮ ಕೆರೆಯಲ್ಲಿ ಇಡೀ ಮಳೆಗಾಲ ಓಡಿಸಿದೆ. ಹಲ್ ತೂಗಿದರೆ ಐದಾರು ಗ್ರಾಂ ಜಾಸ್ತಿ, ಅಷ್ಟೇ. ಒಟ್ಟು ಖರ್ಚು ಹನ್ನೊಂದು ಸಾವಿರ ಇರಬಹುದು, ಅದರಲ್ಲಿ ರಿಮೋಟ್‌ನದ್ದೇ ಹೆಚ್ಚುಕಮ್ಮಿ ಅರ್ಧ. ಹಾಳೆಗೆ ಸೊನ್ನೆ. ತಟ್ಟೆ ಮಾಡು ಎಂದ ಪಕ್ಕದ ತೋಟದ ಅಣ್ಣ ಮೊನ್ನೆ ಮಗನಿಗೆ ಒಂದು ಮಾಡಿಕೊಡು ಎಂದರು. ಹಾಳೆ ನಿಮ್ಮದೇ ತನ್ನಿ, ಎಪಾಕ್ಸಿ ದುಡ್ಡು ಮುಂಗಡ ಕೊಡಿ ಎಂದಿದ್ದೇನೆ.