ತುಂಬೆ: ಗುರುತಿಸುವುದು, ಕೀಳುವುದು, ಅಡುಗೆಗೂ ನೆಗಡಿಗೂ ಬಳಸುವುದು

ಮಳೆ ಬಿದ್ದ ಮೇಲೆ ಹೊಲದ ಬದು, ಬೀಳು ಜಾಗ, ರಸ್ತೆ ಪಕ್ಕ ಎಲ್ಲ ಕಡೆ ತುಂಬೆ ಏಳುತ್ತದೆ. ಬಹಳ ಜನಕ್ಕೆ ಅದು ಶಿವನ ಪೂಜೆಯ ಹೂ, ಅಷ್ಟೇ. ನನಗೆ ಮಾತ್ರ ಅದು ಮೊದಲು ಸೊಪ್ಪು, ಆಮೇಲೆ ನೆಗಡಿಯ ಮದ್ದು. ಅದಕ್ಕಿಂತ ದೊಡ್ಡ ಕೆಲಸವನ್ನು ಈ ಪುಟ್ಟ ಗಿಡದ ತಲೆಗೆ ಕಟ್ಟಬಾರದು.

ಮೊದಲು ಗಿಡವನ್ನು ಸರಿಯಾಗಿ ನೋಡಿ. ಸಾಮಾನ್ಯವಾಗಿ ಮೊಣಕಾಲೆತ್ತರ ಇರುತ್ತದೆ. ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ದುಂಡಗಿಲ್ಲ, ನಾಲ್ಕು ಅಂಚು ಕೈಗೆ ಸಿಗುತ್ತವೆ. ತುಳಸಿ, ಪುದೀನಗಳ ಕುಟುಂಬದ್ದು ಇದು. ಎಲೆ ಕಿರಿದು, ಉದ್ದ, ಎದುರುಬದುರಾಗಿ ಜೋಡಿ ಜೋಡಿ. ಉಜ್ಜಿದರೆ ಘಾಟು ವಾಸನೆ. ಗೆಣ್ಣಿನ ಸುತ್ತ ಹಸಿರು ಚೆಂಡಿನ ಹಾಗೆ ಮೊಗ್ಗು ಕೂತಿರುತ್ತದೆ, ಅದರೊಳಗಿಂದ ಅಚ್ಚ ಬಿಳಿ ಹೂ ಇಣುಕುತ್ತದೆ. ಹೂವಿನ ಮೇಲ್ತುಟಿ ಚಿಕ್ಕದು, ಮೇಲೆ ಬಿಳಿ ರೋಮ. ಕೆಳತುಟಿ ಅಗಲ.

ತುಂಬೆ ಅನ್ನುವ ಹೆಸರು ಹೊತ್ತ ಬೇರೆ ಗಿಡಗಳೂ ಇವೆ. ಕರಿತುಂಬೆಯ ಹೂ ನೇರಳೆ, ಎಲೆ ದಪ್ಪ. ಕತ್ತೆತುಂಬೆಯ ಹೂ ತಿಳಿನೀಲಿ, ತಲೆ ಕೆಳಗೆ ಹಾಕಿರುತ್ತದೆ, ಮೈಯೆಲ್ಲ ಒರಟು ರೋಮ. ಈ ಕತ್ತೆತುಂಬೆಯಲ್ಲಿ ಲಿವರ್‌ಗೆ ಹಾನಿ ಮಾಡುವ ಅಂಶ ಇದೆ. ಆದ್ದರಿಂದ ಹೂ ಬೆಳ್ಳಗಿಲ್ಲ ಅಂದರೆ ಬಿಟ್ಟುಬಿಡಿ. ಹೂ ಬರುವ ಮುಂಚೆ ಬರೀ ಎಲೆ ನೋಡಿ ಕೀಳುವ ಧೈರ್ಯ ಹೊಸಬರಿಗೆ ಬೇಡ. ಇನ್ನು ಕಾಂಗ್ರೆಸ್ ಗಿಡ. ಅದರ ಹೂವೂ ಬಿಳಿಯೇ, ತುಂಬೆಯ ಪಕ್ಕದಲ್ಲೇ ಬೆಳೆದಿರುತ್ತದೆ. ಎಲೆ ಕ್ಯಾರೆಟ್ ಸೊಪ್ಪಿನ ಹಾಗೆ ಸೀಳಿರುತ್ತದೆ. ಕೆಲವರಿಗೆ ಮುಟ್ಟಿದರೇ ಮೈ ತುರಿಸುತ್ತದೆ, ಹಾಗಾಗಿ ಕಟ್ಟು ಕಟ್ಟುವಾಗ ಒಂದು ಎಲೆಯೂ ಸೇರದಂತೆ ನೋಡಿಕೊಳ್ಳಿ.

ಎಲ್ಲಿ ಕೀಳಬೇಕು ಅನ್ನುವುದು ಈಗ ದೊಡ್ಡ ಪ್ರಶ್ನೆ. ಬದುವಿಗೆ ಕಳೆನಾಶಕ ಹೊಡೆಯುವುದು ಮಾಮೂಲಿಯಾಗಿದೆ. ಅಕ್ಕಪಕ್ಕದ ಹುಲ್ಲು ಹಳದಿಯಾಗಿ ಸುಟ್ಟಂತಿದ್ದರೆ ಅಲ್ಲಿಂದ ಒಂದು ಎಲೆಯೂ ಬೇಡ. ಹೊಲದವರನ್ನು ಕೇಳಿಬಿಡುವುದೇ ಒಳ್ಳೆಯದು. ಬಸ್ಸು ಲಾರಿ ಓಡಾಡುವ ರಸ್ತೆ, ಚರಂಡಿ ಪಕ್ಕ ಕೂಡ ಬೇಡ.

ಗಿಡ ಬುಡಸಮೇತ ಕೀಳಬೇಡಿ. ಎಳೆ ಕುಡಿ ಚಿವುಟಿದರೆ ಪಕ್ಕದಿಂದ ಮತ್ತೆ ಕವಲೊಡೆಯುತ್ತದೆ. ಹೂ ಬೇಕಾದರೆ ಬೆಳಗ್ಗೆ ಹೋಗಿ. ಹಸಿರು ತೊಟ್ಟಿನ ಬಟ್ಟಲನ್ನು ಬಿಟ್ಟು ಬರೀ ಬಿಳಿ ಭಾಗವನ್ನು ಹಿಡಿದು ಎಳೆದರೆ ಸಲೀಸಾಗಿ ಬರುತ್ತದೆ. ಬುಡದಲ್ಲಿ ಒಂದು ಹನಿ ಜೇನು ಇರುತ್ತದೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಧ ಹೂ ಅವರ ಬಾಯಿಗೇ! ಇರುವೆಗೂ ಆ ಜೇನು ಇಷ್ಟ, ಕಿತ್ತ ಹೂವನ್ನು ಬಿಳಿ ಬಟ್ಟೆ ಮೇಲೆ ಹರಡಿ ಸ್ವಲ್ಪ ಹೊತ್ತು ಬಿಡಿ.

ನಮ್ಮಮ್ಮ ಸಾಗರದ ಕಡೆಯವರು, ಅತ್ತೆ ಮಂಡ್ಯದವರು. ಅಮ್ಮನಿಗೆ ತುಂಬೆ ಅಂದರೆ ತಂಬುಳಿ. ಅತ್ತೆಗೆ ಅದು ಬೆರಕೆ ಸೊಪ್ಪಿನ ಸಾರಿಗೆ ಹೋಗಬೇಕು. ಇಬ್ಬರೂ ಮಾಡಿದ್ದನ್ನು ತಿಂದು ಬೆಳೆದ ನಾಲಿಗೆಯಿಂದ ಹೇಳುತ್ತೇನೆ, ತಂಬುಳಿಯೇ ಮೇಲು. ಅತ್ತೆಯ ಎದುರು ಹೇಳಿಲ್ಲ.

ತಂಬುಳಿ ಮಾಡುವುದು ಹೀಗೆ. ಒಂದು ಹಿಡಿ ಎಳೆ ಕುಡಿ, ಸಿಕ್ಕಷ್ಟು ಹೂ. ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿಯಿರಿ. ಜೀರಿಗೆ ಘಮ್ ಅಂದಾಗ ಸೊಪ್ಪು ಹಾಕಿ, ಬಾಡುವ ತನಕ ಬಾಡಿಸಿ. ಇಲ್ಲಿ ಆತುರ ಮಾಡಿದರೆ ಹಸಿ ಘಾಟು ಉಳಿದು ಗಂಟಲು ಕೆರೆಯುತ್ತದೆ. ಹೂವನ್ನು ಕೊನೆಗೆ, ಒಲೆ ಆರಿಸಿದ ಮೇಲೆ ಹಾಕಿ. ತಣ್ಣಗಾದ ಮೇಲೆ ಕಾಲು ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಲೋಟ ಮಜ್ಜಿಗೆ, ಉಪ್ಪು ಸೇರಿಸಿ. ಮಜ್ಜಿಗೆ ಹುಳಿಯಿರಬಾರದು, ಹುಳಿಯಾದರೆ ತುಂಬೆಯ ಸಣ್ಣ ಕಹಿ ಮುಚ್ಚಿಹೋಗುತ್ತದೆ. ಆ ಕಹಿಗೋಸ್ಕರವೇ ಅಲ್ವಾ ಇಷ್ಟೆಲ್ಲ! ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟು ಬಿಸಿ ಅನ್ನಕ್ಕೆ ಕಲಸಿಕೊಳ್ಳಿ. ತಂಬುಳಿಯನ್ನು ಕುದಿಸಬೇಡಿ.

ಬೆರಕೆ ಸೊಪ್ಪಿಗೆ ಹಾಕುವುದಾದರೆ ಉಳಿದ ಸೊಪ್ಪಿನ ನಡುವೆ ತುಂಬೆ ಒಂದು ಸಣ್ಣ ಹಿಡಿ ಸಾಕು. ಜಾಸ್ತಿಯಾದರೆ ಸಾರೆಲ್ಲ ಕಹಿ.

ನೆಗಡಿ, ಮೂಗು ಕಟ್ಟಿದಾಗ ಹಬೆ ಹಿಡಿಯಲು ತುಂಬೆ ಚೆನ್ನ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಎರಡು ಹಿಡಿ ಸೊಪ್ಪು ಹಾಕಿ, ಒಲೆ ಆರಿಸಿ, ಪಾತ್ರೆಯನ್ನು ಅಲ್ಲಾಡದ ಜಾಗದಲ್ಲಿ ಇಟ್ಟು ಆಮೇಲೆ ಹೊದೆದುಕೊಳ್ಳಿ. ಮೊದಲ ಹಬೆ ಮುಖ ಸುಡುತ್ತದೆ, ಸ್ವಲ್ಪ ತಡೆಯಿರಿ. ಚಿಕ್ಕ ಮಕ್ಕಳಿಗೆ ಇದು ಬೇಡ, ಬಿಸಿನೀರು ಚೆಲ್ಲಿ ಸುಡುವ ಭಯವೇ ದೊಡ್ಡದು.

ಕಷಾಯಕ್ಕೆ ಎಂಟ್ಹತ್ತು ಎಲೆ, ಒಂದಿಷ್ಟು ಹೂ, ಜಜ್ಜಿದ ಶುಂಠಿ, ನಾಲ್ಕು ಮೆಣಸು. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯಲಿ, ಬೆಲ್ಲ ಹಾಕಿ ಬಿಸಿಯಾಗಿ ಕುಡಿಯಿರಿ. ಕೆಲವು ಮನೆಗಳಲ್ಲಿ ಎಲೆರಸಕ್ಕೆ ಜೇನು ಬೆರೆಸಿ ಕೂಸಿಗೆ ನೆಕ್ಕಿಸುತ್ತಾರೆ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಬಸುರಿಯರು, ದಿನಾ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳಿ ಕುಡಿಯಲಿ. ಜ್ವರ ಮೂರು ದಿನಕ್ಕೂ ಬಿಡಲಿಲ್ಲ, ಉಸಿರು ಕಟ್ಟುತ್ತಿದೆ ಅಂದರೆ ಕಷಾಯ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ.

ಸೊಳ್ಳೆಗೆ ಕೊಟ್ಟಿಗೆಯಲ್ಲಿ ಕೆಂಡದ ಮೇಲೆ ಹಸಿ ತುಂಬೆ ಹಾಕಿ ಹೊಗೆ ಕೊಡುತ್ತಾರೆ. ಕೊಟ್ಟಿಗೆಗೆ ಸರಿ, ಮಲಗುವ ಕೋಣೆಗೆ ಬೇಡ. ಉಬ್ಬಸ ಇರುವವರ ಹತ್ತಿರವೂ ಬೇಡ. ಇರುವೆ, ಸೊಳ್ಳೆ ಕಚ್ಚಿ ತುರಿಸುವ ಜಾಗಕ್ಕೆ ಎಲೆ ಜಜ್ಜಿ ಹಚ್ಚಬಹುದು, ಗಾಯಕ್ಕೆ ಬೇಡ. ಕಜ್ಜಿಗೂ ಹಚ್ಚುವ ರೂಢಿ ಇದೆ. ಆದರೆ ಕಜ್ಜಿ ಬರುವುದು ಚರ್ಮದೊಳಗೆ ಕೊರೆಯುವ ನುಸಿಯಿಂದ. ಅದಕ್ಕೆ ವೈದ್ಯರು ಕೊಡುವ ಮುಲಾಮನ್ನು ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕು.

ಈಗ ಹಾವಿನ ಮಾತು. ಹಾವು ಕಚ್ಚಿದರೆ ತುಂಬೆ ರಸ ಕುಡಿಸು, ಮೂಗಿಗೆ ಬಿಡು ಅಂತ ಹೇಳುವವರು ಈಗಲೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಹಾವಿನ ವಿಷಕ್ಕೆ ಇರುವುದು ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್ ಒಂದೇ. ಸೊಪ್ಪು ಹುಡುಕುತ್ತಾ ಕಳೆದ ಅರ್ಧ ಗಂಟೆ ಜೀವಕ್ಕೆ ಕುತ್ತು. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಬಿಗಿಯಾಗಿ ಕಟ್ಟದೆ, ಕುಯ್ಯದೆ ಸೀದಾ ಕರೆದುಕೊಂಡು ಹೋಗಿ. ತಲೆನೋವಿಗೆ ರಸವನ್ನು ಮೂಗಿಗೆ, ಕಣ್ಣಿಗೆ ಬಿಡುವುದೂ ಬೇಡ.

ಕೀಳಲು ಒಳ್ಳೆಯ ಜಾಗ ಸಿಗದವರು ಕುಂಡದಲ್ಲೇ ಬೆಳೆಸಿಕೊಳ್ಳಿ. ಗಿಡ ಒಣಗಿದಾಗ ಆ ಚೆಂಡುಗಳನ್ನು ಕಾಗದದ ಮೇಲೆ ಕೊಡವಿ. ಒಣ ಚೆಂಡು ಚುಚ್ಚುತ್ತದೆ, ಹುಷಾರು. ಉದುರಿದ ಸಣ್ಣ ಬೀಜವನ್ನು ಮಳೆ ಶುರುವಾದಾಗ ಕುಂಡದ ಮಣ್ಣಿನ ಮೇಲೆ ಸುಮ್ನೆ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ. ಗೊಬ್ಬರ ಬೇಡ, ಬಿಸಿಲು ಬೇಕು. ಕುಂಡದ ಸೊಪ್ಪಿಗೆ ಹೊಲದಷ್ಟು ಘಾಟು ಬರುವುದಿಲ್ಲ. ತಂಬುಳಿಗೆ ಅದೇ ಚೆನ್ನ, ಕಷಾಯಕ್ಕೆ ಮಾತ್ರ ಎರಡು ಎಲೆ ಜಾಸ್ತಿ ಹಾಕಿ.