ಎಥನಾಲ್ ಬಳಸಿ ಮರದಿಂದ ಲಿಗ್ನಿನ್ ತೆಗೆಯುವ ಕ್ರಮ

ಲಿಗ್ನಿನ್ ಎಂದರೆ ಮರದ ನಾರುಗಳನ್ನು ಬೆಸೆದಿಡುವ ಅಂಟಿನಂಥ ವಸ್ತು. ಅದನ್ನು ತೆಗೆಯಲು ಅಗಲ ಎಲೆಯ ಮರ ಆರಿಸಿಕೊಳ್ಳಿ. ಪೈನ್‌ನಂಥ ಸೂಜಿಎಲೆ ಮರಗಳ ಲಿಗ್ನಿನ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮರವನ್ನು ಪುಡಿಮಾಡಿ 40 ಮೆಶ್ (ಇಂಚಿಗೆ 40 ಕಣ್ಣುಗಳ) ಜರಡಿ ಹಿಡಿಯಿರಿ. ಟಾಲ್ವೀನ್–ಎಥನಾಲ್ (2:1) ಮಿಶ್ರಣದಲ್ಲಿ 6–8 ಗಂಟೆ ಸಾಕ್ಸ್‌ಲೆಟ್ (ದ್ರಾವಕ ಮತ್ತೆ ಮತ್ತೆ ಪುಡಿಯ ಮೂಲಕ ಹಾಯುವ ಉಪಕರಣ) ನಡೆಸಿ ರಾಳ, ಮೇಣ ತೆಗೆದುಬಿಡಿ. ಇಲ್ಲದಿದ್ದರೆ ಅವೂ ಲಿಗ್ನಿನ್ ಲೆಕ್ಕಕ್ಕೆ ಸೇರಿ ಇಳುವರಿ ಸುಳ್ಳು ಹೇಳುತ್ತದೆ.

ಒಣತೂಕದ ಲೆಕ್ಕದಲ್ಲಿ 20 ಗ್ರಾಂ ಪುಡಿಗೆ 130 ಮಿಲೀ ಎಥನಾಲ್, 70 ಮಿಲೀ ನೀರು, 0.2 ಗ್ರಾಂ ಸಲ್ಫ್ಯೂರಿಕ್ ಆಮ್ಲ. ಆಮ್ಲವನ್ನು ಮೊದಲು ನೀರಿಗೆ ಸೇರಿಸಿ. ಪ್ರೆಶರ್ ರಿಯಾಕ್ಟರ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್, 60 ನಿಮಿಷ. ಒತ್ತಡ 15–20 ಬಾರ್‌ವರೆಗೆ ಏರಬಹುದು, ದ್ರವವೂ ಹಿಗ್ಗುತ್ತದೆ. ಹಾಗಾಗಿ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಪೂರ್ತಿ ತಣಿಯದೆ ತೆರೆಯಬೇಡಿ. ಇಳುವರಿಯ ಆಸೆಗೆ ಆಮ್ಲ, ಉಷ್ಣತೆ ಏರಿಸಿದರೆ ಲಿಗ್ನಿನ್ ಘಟಕಗಳನ್ನು ಆಮ್ಲಜನಕದ ಮೂಲಕ ಬೆಸೆಯುವ ಬೀಟಾ-ಒ-4 ಕೊಂಡಿಗಳು ಮುರಿದು, ತುಂಡುಗಳು ಹೊಸ ಇಂಗಾಲ–ಇಂಗಾಲ ಬಂಧಗಳಿಂದ ಮತ್ತೆ ಅಂಟಿಕೊಳ್ಳುತ್ತವೆ. ಸಿಗುವುದು ಹೆಚ್ಚು, ಆದರೆ ಕಪ್ಪಗಿನ, ಕೆಲಸಕ್ಕೆ ಬಾರದ ಲಿಗ್ನಿನ್.

ಬಹಳಷ್ಟು ಜನ ಎಡವುವುದು ಶೋಧಿಸುವಾಗ. ಉಳಿದ ನಾರನ್ನು ನೇರ ನೀರಿನಿಂದ ತೊಳೆದರೆ ಕರಗಿದ್ದ ಲಿಗ್ನಿನ್ ಅಲ್ಲೇ ನಾರಿನ ಮೇಲೆ ಕೂರುತ್ತದೆ. 60 ಡಿಗ್ರಿಯ ಅದೇ ಎಥನಾಲ್–ನೀರಿನಲ್ಲಿ, 50 ಮಿಲೀಯಂತೆ ಮೂರು ಸಲ ತೊಳೆಯಿರಿ. ಸೇರಿದ ಕಂದು ದ್ರಾವಣವನ್ನು ಪಿಎಚ್ 2ರ ತಣ್ಣೀರಿಗೆ, ಮೂರು ಪಟ್ಟು ಗಾತ್ರಕ್ಕೆ, ಕಲಕುತ್ತ ಸಣ್ಣ ಧಾರೆಯಾಗಿ ಬಿಡಿ. ನೀರು ಬೆಚ್ಚಗಿದ್ದರೆ ಪುಡಿಯ ಬದಲು ಕಡ್ಡಿಗೆ ಮೆತ್ತಿಕೊಳ್ಳುವ ಅಂಟುಮುದ್ದೆಯಾಗುತ್ತದೆ. ಹಾಲಿನಂತೆ ಕದಡಿದ್ದು ತಳಕ್ಕಿಳಿಯದಿದ್ದರೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಸೆಂಟ್ರಿಫ್ಯೂಜ್ ಮಾಡಿ. ಫಿಲ್ಟರ್ ಕಾಗದವಾದರೆ ಬೇಗ ಕಟ್ಟಿಕೊಳ್ಳುತ್ತದೆ. ಪಿಎಚ್ ತಟಸ್ಥಕ್ಕೆ ಹತ್ತಿರ ಬರುವವರೆಗೆ ತೊಳೆದು, 40 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿ.

ಶುದ್ಧತೆಗೆ ಕ್ಲಾಸನ್ ಪರೀಕ್ಷೆ (ಆಮ್ಲದಲ್ಲಿ ಕರಗದೆ ಉಳಿದದ್ದನ್ನು ಲಿಗ್ನಿನ್ ಎಂದು ತೂಗುವುದು): 0.3 ಗ್ರಾಂ ಮಾದರಿಗೆ 72% ಸಲ್ಫ್ಯೂರಿಕ್ ಆಮ್ಲ 3 ಮಿಲೀ, 30 ಡಿಗ್ರಿಯಲ್ಲಿ ಒಂದು ಗಂಟೆ. ನಂತರ 84 ಮಿಲೀ ನೀರು ಬೆರೆಸಿ 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ. ಇನ್‌ಫ್ರಾರೆಡ್ ರೋಹಿತದಲ್ಲಿ 1600, 1510 cm⁻¹ ಬಳಿ ಬೆಂಜೀನ್ ಉಂಗುರ, 1325ರ ಸುತ್ತ ಸಿರಿಂಗಿಲ್, 1270ರ ಸುತ್ತ ಗ್ವಾಯಾಸಿಲ್ (ಇವೆರಡೂ ಲಿಗ್ನಿನ್‌ನ ಘಟಕಗಳು) ಕಾಣಬೇಕು. ಕೊಂಡಿಗಳು ಉಳಿದಿವೆಯೇ ಎಂಬುದಕ್ಕೆ ಮಾತ್ರ ಇದು ಸಾಲದು, ಎಚ್‌ಎಸ್‌ಕ್ಯೂಸಿ ಎನ್‌ಎಂಆರ್ (ಹೈಡ್ರೋಜನ್ ಮತ್ತು ಅದು ಅಂಟಿದ ಇಂಗಾಲದ ಜೋಡಿಯನ್ನು ಚುಕ್ಕೆಯಾಗಿ ತೋರಿಸುವ ಪರೀಕ್ಷೆ) ಬೇಕೇ ಬೇಕು: ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 4.8/72 (ಹೈಡ್ರೋಜನ್/ಇಂಗಾಲ, ಪಿಪಿಎಂ) ಆಸುಪಾಸಿನ ಬೀಟಾ-ಒ-4 ಚುಕ್ಕೆ ಮಂಕಾಗಿದ್ದರೆ ರಿಯಾಕ್ಟರ್‌ನಲ್ಲಿ ಬೇಯಿಸಿದ್ದು ಅತಿಯಾಗಿದೆ ಎಂದೇ ತಿಳಿಯಿರಿ. ಆದರೆ ಎಥನಾಲ್ ಆಲ್ಫಾ ಸ್ಥಾನಕ್ಕೆ (ಬೆಂಜೀನ್ ಉಂಗುರದ ಪಕ್ಕದ ಇಂಗಾಲಕ್ಕೆ) ಅಂಟಿದ ಕೊಂಡಿಗಳ ಚುಕ್ಕೆ ಅಲ್ಲಿಂದ ಜರುಗಿ ಇಂಗಾಲದ ಅಕ್ಷದಲ್ಲಿ 80ರ ಆಸುಪಾಸಿನಲ್ಲಿ ಬೀಳುತ್ತದೆ; ಅದನ್ನೂ ಎಣಿಕೆಗೆ ಸೇರಿಸಿಕೊಳ್ಳಿ.