ಹಂಡೆ ಒಲೆಗೆ ಚಿಮಣಿ ಹಾಕಿಸಿದ್ದು: ನನ್ನ ಅನುಭವ

ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಗೆ ಈಗ ನಾವು ಹೋಗುವುದು ರಜೆಗೆ ಮಾತ್ರ. ಡಿಸೆಂಬರ್‌ನಲ್ಲಿ ಒಂಬತ್ತು ಗಂಟೆಯಾದರೂ ಅಂಗಳದ ಮಂಜು ಹೋಗಲ್ಲ. ಬಚ್ಚಲಲ್ಲಿ ಹಂಡೆ ಇದೆ, ಒಲೆ ಇದೆ, ಆದರೆ ಹೊಗೆ! ಕಣ್ಣುಜ್ಜಿಕೊಂಡೇ ಸ್ನಾನ ಮಾಡಬೇಕು.

ಮೊದಲು ಎಲ್ಲರ ಹಾಗೆ 2 ಕಿಲೋವಾಟಿನ ಗೀಸರ್ ತಂದೆ. ನಮ್ಮದು ಲೈನಿನ ಕೊನೆಯ ಮನೆ. ಒಂದು ಬೆಳಿಗ್ಗೆ ಅಳೆದು ನೋಡಿದರೆ 170 ವೋಲ್ಟ್. 230 ಇರಬೇಕಾದಲ್ಲಿ 170 ಅಂದರೆ ಕಾಲು ಭಾಗ ಕಮ್ಮಿ ತಾನೇ ಅಂದುಕೊಂಡಿದ್ದೆ, ಹಾಗಲ್ಲ, ಗೀಸರಿನ ಶಕ್ತಿ ಇಳಿಯುವುದು ವೋಲ್ಟೇಜಿನ ವರ್ಗದ (ವೋಲ್ಟೇಜ್ × ವೋಲ್ಟೇಜ್) ಲೆಕ್ಕದಲ್ಲಿ, ಸಿಕ್ಕುವುದು ಸುಮಾರು 1.1 ಕಿಲೋವಾಟ್ ಮಾತ್ರ. ಸೋಲಾರ್ ಹಾಕಿಸೋಣ ಅಂದರೆ ಸುತ್ತ ಅಡಿಕೆ ಮರಗಳ ನೆರಳು.

ಹಾಗಾಗಿ ಹಂಡೆಗೇ ವಾಪಸ್ ಬಂದೆ. ಕೊಯ್ಲಿನ ಹೊತ್ತಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತೆ, ಸೌದೆಗೆ ಬರ ಇಲ್ಲ. ತೊಂದರೆ ಇದ್ದದ್ದು ಒಲೆಯಲ್ಲಿ. ಬಾಯಿ ದೊಡ್ಡದು, ಅರ್ಧ ಉರಿ ಹೊರಗೇ ಬರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ, ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಚಿಮಣಿಯಲ್ಲಿ ಕಳಿಸುವ ಅಸ್ತ್ರ ಒಲೆ ಗೊತ್ತಲ್ವಾ, ಅದನ್ನೇ ಮನಸ್ಸಲ್ಲಿಟ್ಟುಕೊಂಡು ಮೇಸ್ತ್ರಿಗೆ ಹೇಳಿದೆ. ಕೆಳಗೆ ಕಬ್ಬಿಣದ ಸರಳಿನ ಜಾಲರಿ, ಬೂದಿ ಉದುರಲಿ, ಗಾಳಿ ಅಲ್ಲಿಂದಲೇ ಬರಲಿ. ಹಂಡೆ ಸುತ್ತ ಎರಡು ಬೆರಳು ಜಾಗ ಬಿಟ್ಟು ಮಣ್ಣಲ್ಲಿ ಗೋಡೆ, ಉರಿ ಹಂಡೆಯನ್ನು ಸುತ್ತಿಕೊಂಡೇ ಚಿಮಣಿಗೆ ಹೋಗಬೇಕು.

ನಾನು ಕೆಟ್ಟದ್ದು ಚಿಮಣಿಯಲ್ಲಿ. ಹೆಂಚು ತೆಗೆಯುವುದು ಬೇಡ ಅಂತ ಪೈಪನ್ನು ಬಗ್ಗಿಸಿ ಗೋಡೆಯಿಂದ ಸೂರಿನ ಕೆಳಗೆ ಬಿಟ್ಟೆ. ಗಾಳಿ ಬೀಸಿದ್ದೇ ತಡ, ಹೊಗೆಯೆಲ್ಲ ವಾಪಸ್ ಬಚ್ಚಲಿಗೆ. ಬಿಚ್ಚಿ, ಆರಿಂಚಿನ ಪೈಪನ್ನು ನೆಟ್ಟಗೆ ಮಾಡಿನ ತುದಿಗಿಂತ ಎರಡು ಅಡಿ ಮೇಲಕ್ಕೆ ಒಯ್ದೆವು. ಹೆಂಚು ಹೊರುವ ಮರದ ಪಕಾಸಿಗೆ ಪೈಪು ತಾಗಬಾರದು, ಒಣ ಮರ ಹತ್ತಿಕೊಂಡರೆ ಮುಗೀತು. ಒಂದು ಹೆಂಚಿನ ಜಾಗಕ್ಕೆ ತಗಡು ಹಾಕಿ ಅದರ ನಡುವೆ ಪೈಪು ತೂರಿಸಿದ್ದು. ಈಗ ಮೊದಲಿನ ಅರ್ಧ ಸೌದೆಯಲ್ಲಿ ನೀರು ಕುದಿಯುತ್ತೆ.

ದೊಡ್ಡಪ್ಪನಿಗೆ ಮಾತ್ರ ಇಷ್ಟವಾಗಲಿಲ್ಲ. "ಅಲ್ಲ ಮಾರಾಯ, ಹೊಗೆ ಇಲ್ದೇ ಮಳೆಗಾಲದಲ್ಲಿ ಮಾಡಿನ ಮರಕ್ಕೆ ಹುಳ ಹಿಡಿಯಲ್ವಾ?" ಅವರು ಹೇಳಿದ್ದು ಸುಳ್ಳಲ್ಲ. ಹೊಗೆ ಕುಡಿದ ಮರ ಗಟ್ಟಿ. ಅದಕ್ಕೆ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸಿದೆ.

ಮಲಗುವ ಕೋಣೆಗೆ ರೂಮ್ ಹೀಟರ್ ಇಟ್ಟು ನೋಡಿದೆ, ಸುಮ್ನೆ ದುಡ್ಡು ದಂಡ. ಬಿಸಿಗಾಳಿಯೆಲ್ಲ ಹೆಂಚಿನ ಸಂದಿಯಲ್ಲಿ ಹೊರಗೆ. ಆ ಒಂದು ಕೋಣೆಗೆ ಹಲಗೆ ಮುಚ್ಚಿಗೆ ಹೊಡೆಸಿದ ಮೇಲೆ ಹೀಟರೇ ಬೇಕಾಗಲಿಲ್ಲ. ಕಿಟಕಿ ಮುಚ್ಚಿಕೊಂಡು ಅಗ್ಗಿಷ್ಟಿಕೆ ಇಡೋಣ ಅಂದ ಭಾವನಿಗೆ ಮಾತ್ರ ನಾನು ಬಿಲ್ಕುಲ್ ಒಪ್ಪಲಿಲ್ಲ. ಕೆಂಡದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇರಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ.

ಜೂನ್‌ನಲ್ಲಿ ಊರಿಂದ ಫೋನ್ ಬಂತು. ತಗಡಿನ ಪಕ್ಕದಲ್ಲಿ ಮಳೆ ನೀರು ಸೋರಿ ನೇರ ಒಲೆಯೊಳಗೆ ಬೀಳುತ್ತಿದೆಯಂತೆ. ಈ ಸಲ ಹೋದಾಗ ಮೊದಲು ಅದನ್ನು ನೋಡಬೇಕು.